"ಅದೊಂಚೂರು ಸೇರಿಸ್ರೀ": ಗಿರಾಕಿ ಬೇಡಿಕೆಗಳನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಬಗೆ

ದಾವಣಗೆರೆ, ಚಿತ್ರದುರ್ಗದ ಕಡೆ ಸಣ್ಣ ತಂಡ ಕಟ್ಟಿಕೊಂಡು ಪ್ರಾಜೆಕ್ಟ್ ಮಾಡುವವರಿಗೆ ಕೆಲಸ ಬರುವುದೇ ಪರಿಚಯದ ಮೇಲೆ. ಸಾಫ್ಟ್‌ವೇರ್ ಇರಲಿ, ಇಂಟೀರಿಯರ್ ಇರಲಿ, ಶೆಡ್ ಫ್ಯಾಬ್ರಿಕೇಶನ್ ಇರಲಿ, ಎಲ್ಲದಕ್ಕೂ ಇದೇ ದಾರಿ. ಬೀಗರ ಕಡೆಯವರು ಹೇಳಿರುತ್ತಾರೆ, ಆಡಿಟರ್ ಕಳಿಸಿರುತ್ತಾರೆ, ಕಾಲೇಜಿನ ಗೆಳೆಯ ನಂಬರ್ ಕೊಟ್ಟಿರುತ್ತಾನೆ. ಚಹಾ ಕುಡಿಯುವಷ್ಟರಲ್ಲಿ ಮಾತು ಮುಗಿಯುತ್ತದೆ, ಅಡ್ವಾನ್ಸ್ ಕೈಗೆ ಬರುತ್ತದೆ. ಕಾಗದದ ಮೇಲೆ ಮಾತ್ರ ಒಂದಕ್ಷರ ಇರುವುದಿಲ್ಲ. ಎರಡು ತಿಂಗಳಾದ ಮೇಲೆ "ಅದೊಂಚೂರು ಸೇರಿಸ್ರೀ, ಏನ್ ಮಹಾ ಕೆಲಸ" ಶುರುವಾಗುತ್ತದೆ.

ಗಿರಾಕಿ ಮಾತು ಬದಲಿಸಿದ ಅಂತ ಬೈಯುವುದು ಸುಲಭ. ಆದರೆ ಮೊದಲ ಮಾತು ಏನಿತ್ತು ಅನ್ನುವುದಕ್ಕೆ ಇಬ್ಬರ ಹತ್ತಿರವೂ ದಾಖಲೆ ಇಲ್ಲದಿದ್ದರೆ, ಬದಲಾಯಿತು ಅಂತ ಹೇಳುವುದಾದರೂ ಹೇಗೆ? ಬೇಡಿಕೆ ನಿರ್ವಹಣೆ, ಅಂದರೆ ರಿಕ್ವೈರ್‌ಮೆಂಟ್ ಮ್ಯಾನೇಜ್‌ಮೆಂಟ್ ಅನ್ನುವುದರ ಮುಕ್ಕಾಲು ಪಾಲು ಇಷ್ಟೇ: ಸರಿಯಾದವರನ್ನು ಕೇಳುವುದು, ಕೇಳಿದ್ದನ್ನು ಪರೀಕ್ಷೆ ಮಾಡಲು ಬರುವ ಹಾಗೆ ಬರೆಯುವುದು, ಬರೆದದ್ದನ್ನು ಓದಿ ಒಪ್ಪಿಸುವುದು. ಉಳಿದ ಕಾಲು ಪಾಲು, ಬದಲಾವಣೆ ಬಂದಾಗ ಅದರ ಬೆಲೆ ಹೇಳುವುದು.

ಒಂದು ಉದಾಹರಣೆ ಹಿಡಿದುಕೊಂಡು ನೋಡೋಣ. ದಾವಣಗೆರೆ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿ ಇದೆ ಅಂದುಕೊಳ್ಳಿ. ಮೆಕ್ಕೆಜೋಳ, ಭತ್ತ ಬರುತ್ತದೆ. ಲೆಕ್ಕವೆಲ್ಲ ಪುಸ್ತಕದಲ್ಲಿದೆ. ಇಂಜಿನಿಯರಿಂಗ್ ಓದಿ ಬಂದ ಮಗ "ಎಲ್ಲಾ ಕಂಪ್ಯೂಟರ್‌ಗೆ ಹಾಕಿಸೋಣ ಅಪ್ಪಾಜಿ" ಅಂದಿದ್ದಾನೆ. ಕೆಲಸ ನಿಮ್ಮ ನಾಲ್ಕು ಜನರ ತಂಡಕ್ಕೆ ಬಂದಿದೆ.

1. ಗಿರಾಕಿ ಯಾರು ಅಂತ ಮೊದಲು ಬರೆದುಕೊಳ್ಳಿ

ದುಡ್ಡು ಕೊಡುವವರು ಸಾಹುಕಾರರು. ಕರೆಸಿದವನು ಮಗ. ದಿನವಿಡೀ ಸಾಫ್ಟ್‌ವೇರ್ ಮುಂದೆ ಕೂರುವವನು ಗುಮಾಸ್ತ. ವರ್ಷದ ಕೊನೆಗೆ ಅದರಿಂದ ಲೆಕ್ಕ ತೆಗೆಯುವವರು ಆಡಿಟರ್. ಪ್ರಿಂಟ್ ಆದ ಪಟ್ಟಿಯನ್ನು, ಅಂದರೆ ಮಾಲಿನ ತೂಕ, ದರ, ಮೊತ್ತ ಬರೆದ ಚೀಟಿಯನ್ನು, ಕೈಯಲ್ಲಿ ಹಿಡಿದು ಓದುವವನು ರೈತ. ಐದು ಜನಕ್ಕೂ ಬೇಕಾದದ್ದು ಬೇರೆ ಬೇರೆ. ಆದರೆ ಸಾಮಾನ್ಯವಾಗಿ ನಾವು ಮಾತಾಡುವುದು ಮಗನ ಜೊತೆ ಮಾತ್ರ, ಯಾಕೆಂದರೆ ಅವನಿಗೆ ನಮ್ಮ ಭಾಷೆ ಗೊತ್ತು. ಪುಸ್ತಕದ ಲೆಕ್ಕ ಅವನಿಗೂ ಪೂರ್ತಿ ಗೊತ್ತಿರುವುದಿಲ್ಲ.

ಇವರೆಲ್ಲರ ಹೆಸರು ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ಎರಡು ವಿಷಯ: ಇವರನ್ನು ಯಾವುದರ ಬಗ್ಗೆ ಕೇಳಬೇಕು, ಮತ್ತು ಇವರ ಮಾತಿಗೆ ತೀರ್ಮಾನದ ಅಧಿಕಾರ ಇದೆಯೋ ಇಲ್ಲವೋ. ಕೊನೆಯ "ಆಗಲಿ" ಹೇಳುವವರು ಒಬ್ಬರೇ ಇರಬೇಕು. ಅದು ಯಾರು ಅಂತ ಮೊದಲ ದಿನವೇ ಕೇಳಿ. "ಸಾಹುಕಾರ್ರೇ, ನೀವೊಂದು ಹೇಳಿ ನಿಮ್ಮ ಮಗ ಇನ್ನೊಂದು ಹೇಳಿದ್ರೆ ನಾವು ಯಾರ ಮಾತು ಕೇಳ್ಬೇಕು?" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಕ್ಕು ಒಬ್ಬರ ಹೆಸರು ಹೇಳುತ್ತಾರೆ. ಅದನ್ನು ಬರೆದುಕೊಳ್ಳಿ.

ಇನ್ನೊಂದು ಮಾತು. ಕೆಲಸ ಕೊಡಿಸಿದ ನಿಮ್ಮ ಪರಿಚಯದವರು ಮಧ್ಯೆ ಮಧ್ಯೆ ಫೋನ್ ಮಾಡಿ "ಅವರಿಗೆ ಹಿಂಗೆ ಬೇಕಂತೆ" ಅನ್ನುತ್ತಾರೆ. ಗೌರವದಿಂದ ಕೇಳಿಸಿಕೊಳ್ಳಿ. ಅದನ್ನು ಬೇಡಿಕೆ ಅಂತ ಮಾತ್ರ ದಾಖಲಿಸಬೇಡಿ.

2. ಕೆಲಸ ನಡೆಯುವ ಜಾಗಕ್ಕೆ, ಕೆಲಸ ನಡೆಯುವ ಹೊತ್ತಿಗೆ ಹೋಗಿ

ಮೀಟಿಂಗ್‌ನಲ್ಲಿ ಹೇಳುವ ಬೇಡಿಕೆಗೂ ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಕಾಣುವ ಬೇಡಿಕೆಗೂ ಅಜಗಜಾಂತರ. ಮುಂಗಾರಿನ ಮೆಕ್ಕೆಜೋಳದ ಆವಕ ಜೋರಾಗುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆಗ ಒಂದು ಬೆಳಗ್ಗೆ ಹೋಗಿ ಗುಮಾಸ್ತನ ಪಕ್ಕ ಸುಮ್ನೆ ಕೂತುಕೊಳ್ಳಿ. ಪ್ರಶ್ನೆ ಕೇಳಬೇಡಿ, ನೋಡಿ. ಅವನು ಮೊದಲು ಯಾವ ಪುಸ್ತಕ ತೆಗೆಯುತ್ತಾನೆ? ರೈತನ ಹೆಸರು ಮೊದಲು ಬರೆಯುತ್ತಾನೋ, ಲಾಟ್ ನಂಬರ್ ಮೊದಲೋ? ತೂಕದ ಚೀಟಿ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ? ಯಾವುದನ್ನು ಹೊಡೆದು ತಿದ್ದುತ್ತಾನೆ? ಹೊಡೆದು ಬರೆದ ಜಾಗಗಳನ್ನು ವಿಶೇಷವಾಗಿ ಗಮನಿಸಿ. ನಿಮ್ಮ ಸಾಫ್ಟ್‌ವೇರ್ ಮುಂದೆ ತೊಡರುವುದು ಅಲ್ಲೇ.

ರಶ್ ಕಡಿಮೆಯಾದ ಮೇಲೆ ಕೇಳಲು ಶುರು ಮಾಡಿ. ಟೊಯೊಟಾ ಕಂಪನಿಯಲ್ಲಿ ಒಂದು ತೊಂದರೆಯ ಬುಡ ಹುಡುಕಲು ಐದು ಸಲ "ಯಾಕೆ" ಕೇಳುವ ಪದ್ಧತಿ ಇದೆ, ನೀವು ಕೇಳಿರಬಹುದು. ನಮ್ಮ ಕಡೆ ಹಿರಿಯರಿಗೆ ನೇರವಾಗಿ ಐದು ಸಲ ಯಾಕೆ ಅಂದರೆ ಜಗಳವಾಗುತ್ತದೆ. ಅದೇ ಕೆಲಸವನ್ನು ಬಳಸು ಮಾತಲ್ಲಿ ಮಾಡಬಹುದು:

"ನನಗೆ ಮೊಬೈಲ್ ಆ್ಯಪ್ ಬೇಕು ನೋಡ್ರೀ."
"ಆಯ್ತು ಸಾಹುಕಾರ್ರೇ. ಆ್ಯಪ್ ತೆಗೆದು ಮೊದಲು ಏನು ನೋಡ್ತೀರಿ?"
"ಯಾರ್ಯಾರಿಂದ ಎಷ್ಟು ಬರಬೇಕು ಅಂತ."
"ಈಗ ಹೆಂಗೆ ತಿಳ್ಕೊಳ್ತೀರಿ?"
"ರಾತ್ರಿ ಗುಮಾಸ್ತನಿಗೆ ಫೋನ್ ಹಚ್ತೀನಿ. ಅವನು ಊಟಕ್ಕೆ ಕೂತಿರ್ತಾನೆ, ಸಿಡಿಮಿಡಿ ಮಾಡ್ತಾನೆ."
"ಒಂದೊಂದ್ಸಲ ಫೋನ್ ಎತ್ತದೇ ಹೋದ್ರೆ?"
"ಹೋದ ವರ್ಷ ಹಂಗೇ ಆಗಿ, ಬಾಕಿ ಇದ್ದವನಿಗೇ ಮತ್ತೆ ಮಾಲು ಕೊಟ್ಟುಬಿಟ್ವಿ."

ಈಗ ವಿಷಯ ಹೊರಬಂತು. ಅವರಿಗೆ ಬೇಕಾದದ್ದು ಖರೀದಿದಾರರ ಬಾಕಿ, ದಿನಾ ರಾತ್ರಿ, ಇನ್ನೊಬ್ಬರನ್ನು ಕೇಳದೆ. ರಾತ್ರಿ ಎಂಟಕ್ಕೆ ಮೊಬೈಲ್‌ಗೆ ಒಂದು ಬಾಕಿ ಮೆಸೇಜ್ ಹೋದರೆ ಸಾಕು. ಆ್ಯಪ್ ಮಾಡಿ, ಪರೀಕ್ಷಿಸಿ, ಅದನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಖರ್ಚಿನ ಮುಂದೆ ಇದು ಏನೂ ಅಲ್ಲ. ಹಾಗಂತ "ನಿಮಗೆ ಆ್ಯಪ್ ಬೇಡ" ಅಂತ ಮುಖಕ್ಕೆ ಹೇಳಬೇಡಿ. "ಮೊದಲು ಮೆಸೇಜ್ ಮಾಡಿ ಕೊಡ್ತೀವಿ, ಸುಗ್ಗಿ ಮುಗಿದ ಮೇಲೆ ಆ್ಯಪ್ ಬೇಕೋ ಬೇಡವೋ ನೋಡೋಣ" ಅಂದರೆ ಮಾತು ಮುಗಿಯುತ್ತದೆ.

ಗಿರಾಕಿ ಬಾಯಿಬಿಟ್ಟು ಹೇಳದ ಬೇಡಿಕೆಗಳೂ ಇರುತ್ತವೆ. ಜಪಾನಿನ ಗುಣಮಟ್ಟ ತಜ್ಞ ನೊರಿಯಾಕಿ ಕಾನೊ 1984ರಲ್ಲಿ ಇವನ್ನು ವಿಂಗಡಿಸಿ ತೋರಿಸಿದರು: ಕೆಲವು ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಮಾತ್ರ ಸಿಟ್ಟು ಬರುತ್ತದೆ. ನಮ್ಮ ಅಂಗಡಿಯಲ್ಲಿ ಅಂಥವು ಯಾವುವು? ಕರೆಂಟ್ ಹೋದಾಗ ಅರ್ಧ ಬರೆದ ಪಟ್ಟಿ ಅಳಿಸಿಹೋಗಬಾರದು. ರೈತರ ಹೆಸರು, ಊರಿನ ಹೆಸರು ಕನ್ನಡದಲ್ಲಿ ಬರಬೇಕು. ಒಂದೇ ಊರಲ್ಲಿ ಒಂದೇ ಹೆಸರಿನ ಮೂವರಿದ್ದರೆ ಗೊತ್ತಾಗಬೇಕು. ನಮ್ಮ ಕಡೆ ಬಸವರಾಜಪ್ಪ, ಹನುಮಂತಪ್ಪ ಎಷ್ಟು ಜನ ಅಂತ ಕೇಳಲೇಬೇಡಿ. ಈಗಿರುವ ಹಳೆ ಪ್ರಿಂಟರ್‌ನಲ್ಲೇ ಪ್ರಿಂಟ್ ಆಗಬೇಕು. ಹಳೆ ಬಾಕಿ ಹೊಸದಕ್ಕೆ ಬರಬೇಕು. ಕೊನೆಯದಂತೂ ಪ್ರತಿ ಪ್ರಾಜೆಕ್ಟಿನಲ್ಲೂ ತಂಡವನ್ನು ಕಾಡುತ್ತದೆ. ಹಳೆ ಪುಸ್ತಕದ ಲೆಕ್ಕವನ್ನು ಯಾರು ಟೈಪ್ ಮಾಡುವುದು, ನೀವೋ ಗುಮಾಸ್ತನೋ, ಅಂತ ದರ ಹೇಳುವ ಮುಂಚೆಯೇ ಕೇಳಿ.

3. ಅಳೆಯಲು ಬರುವ ಹಾಗೆ ಬರೆಯಿರಿ

"ಸಾಫ್ಟ್‌ವೇರ್ ಫಾಸ್ಟ್ ಇರ್ಬೇಕು", "ಈಸಿ ಇರ್ಬೇಕು", "ಚೆನ್ನಾಗಿ ಕಾಣ್ಬೇಕು". ಇವು ಆಸೆಗಳು. ಇವುಗಳ ಮೇಲೆ ಕೆಲಸ ಮುಗಿಯಿತೋ ಇಲ್ಲವೋ ಅಂತ ಯಾರೂ ತೀರ್ಪು ಕೊಡಲಾಗುವುದಿಲ್ಲ. ಪ್ರತಿ ಆಸೆಯನ್ನೂ "ಆಯಿತು ಅಂತ ಹೇಗೆ ಗೊತ್ತಾಗುತ್ತದೆ?" ಅನ್ನುವ ಪ್ರಶ್ನೆಯಿಂದ ದಾಟಿಸಿ. ಒಂದು ಬೇಡಿಕೆ ಹೀಗೆ ಕಾಣಬೇಕು:

ಬೇಡಿಕೆ 7
ಏನು: ತೂಕ ಮತ್ತು ದರ ಹಾಕಿದ ಮೇಲೆ ರೈತರ ಪಟ್ಟಿ 1 ನಿಮಿಷದೊಳಗೆ ಪ್ರಿಂಟ್ ಆಗಿ ಕೈಗೆ ಬರಬೇಕು.
ಕೇಳಿದವರು: ಗುಮಾಸ್ತ
ಯಾಕೆ: ಮಧ್ಯಾಹ್ನದ ಮೇಲೆ ರೈತರು ಸಾಲು ನಿಲ್ಲುತ್ತಾರೆ, ವಾಪಸ್ ಬಸ್ ಹಿಡಿಯಬೇಕು.
ಪರೀಕ್ಷೆ: ಅಂಗಡಿಯ ಕಂಪ್ಯೂಟರ್ ಮತ್ತು ಪ್ರಿಂಟರ್‌ನಲ್ಲಿ ಗುಮಾಸ್ತನೇ ಸತತ 10 ಪಟ್ಟಿ ತೆಗೆಯುವುದು.
ಸ್ಥಿತಿ: ಒಪ್ಪಿದ್ದಾರೆ

"ಅಂಗಡಿಯ ಕಂಪ್ಯೂಟರ್‌ನಲ್ಲಿ" ಅನ್ನುವುದನ್ನು ಬಿಡಬೇಡಿ. ನಿಮ್ಮ ಆಫೀಸಿನ ಹೊಸ ಲ್ಯಾಪ್‌ಟಾಪ್‌ನಲ್ಲಿ ಯಾವುದು ತಾನೇ ಫಾಸ್ಟ್ ಇರುವುದಿಲ್ಲ?

ಲೆಕ್ಕದ ವಿಷಯ ಬಂದರೆ ಇನ್ನೂ ಸೂಕ್ಷ್ಮಕ್ಕೆ ಇಳಿಯಬೇಕು. 23 ಕ್ವಿಂಟಲ್ 47 ಕಿಲೋ ಮಾಲು, ಕ್ವಿಂಟಲ್‌ಗೆ 2,185 ರೂಪಾಯಿ ದರ ಅಂದುಕೊಳ್ಳಿ. ಗುಣಿಸಿದರೆ 51,281 ರೂಪಾಯಿ 95 ಪೈಸೆ. ಪಟ್ಟಿಯಲ್ಲಿ ಏನು ಬರಬೇಕು? ಹತ್ತಿರದ ರೂಪಾಯಿಗೆ ಸರಿಮಾಡುವ ಕಂಪ್ಯೂಟರ್ 51,282 ಅನ್ನುತ್ತದೆ. ಗುಮಾಸ್ತ ಇಷ್ಟು ವರ್ಷ ಪೈಸೆ ಬಿಟ್ಟು 51,281 ಬರೆಯುತ್ತಾ ಬಂದಿದ್ದರೆ, ಪುಸ್ತಕಕ್ಕೂ ಕಂಪ್ಯೂಟರ್‌ಗೂ ದಿನದ ಕೊನೆಗೆ ತಾಳೆಯಾಗುವುದಿಲ್ಲ. "ನಿಮ್ಮ ಸಾಫ್ಟ್‌ವೇರ್ ಲೆಕ್ಕನೇ ತಪ್ಪು" ಅನ್ನುವ ಮಾತು ಅಂಗಡಿಯಿಂದ ಅಂಗಡಿಗೆ ಹೋಗಲು ಒಂದು ರೂಪಾಯಿ ಸಾಕು. ಪೈಸೆಯನ್ನು ಏನು ಮಾಡಬೇಕು, ಪ್ರತಿ ಸಾಲಿಗೆ ಮಾಡಬೇಕೋ ಒಟ್ಟು ಮೊತ್ತಕ್ಕೆ ಮಾತ್ರವೋ, ಇದನ್ನು ಬೇಡಿಕೆಯಾಗಿಯೇ ಬರೆದು ಒಪ್ಪಿಸಿ. ಜೊತೆಗೆ ಹಳೆಯ ಪಟ್ಟಿಗಳನ್ನು ಒಂದಷ್ಟು ಇಸ್ಕೊಂಡು ಬನ್ನಿ. ಅವನ್ನೇ ಪರೀಕ್ಷೆಗೆ ಬಳಸಿ.

ದೊಡ್ಡ ಕಂಪನಿಗಳು ಇದಕ್ಕೆ ಐಎಸ್‌ಒ/ಐಇಸಿ/ಐಇಇಇ 29148 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇಟ್ಟುಕೊಂಡಿವೆ. 2011ರಲ್ಲಿ ಬಂದು 2018ರಲ್ಲಿ ಪರಿಷ್ಕರಣೆಯಾಯಿತು. ನಮ್ಮಂಥವರಿಗೆ ಅಷ್ಟು ಬೇಕಿಲ್ಲ. ಆದರೆ ಅದರ ಸಾರ ಕೆಲಸಕ್ಕೆ ಬರುತ್ತದೆ: ಒಂದು ಬೇಡಿಕೆಯಲ್ಲಿ ಒಂದೇ ವಿಷಯ ಇರಲಿ, ಎರಡು ಅರ್ಥ ಬರದಿರಲಿ, ಪರೀಕ್ಷಿಸಲು ಬರಲಿ. ಬರೆಯುವುದು ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್‌ನಲ್ಲಿ 30 ಪುಟ ಬರೆದು ಸಹಿ ಹಾಕಿಸಿಕೊಂಡರೆ ಸಾಹುಕಾರರು ಸಹಿ ಹಾಕುತ್ತಾರೆ, ಓದಿರುವುದಿಲ್ಲ. ಅಂಥ ಸಹಿಯಿಂದ ಜಗಳ ತಪ್ಪುವುದಿಲ್ಲ.

ಸಾಫ್ಟ್‌ವೇರ್ ಅಲ್ಲದವರಿಗೂ ಇದೇ ಮಾತು. ಬೆಣ್ಣೆ ದೋಸೆ ಹೋಟೆಲಿನ ಅಡುಗೆಮನೆ ಕೆಲಸ ಹಿಡಿದಿದ್ದೀರಾ? "ಹೊಗೆ ಚೆನ್ನಾಗಿ ಹೋಗ್ಬೇಕು" ಅಂತ ಬರೆದುಕೊಂಡು ಬರಬೇಡಿ. ಕಟ್ಟಿಗೆ ಒಲೆ ಎಷ್ಟು, ಹೆಂಚು ಎಷ್ಟು ಅಗಲ, ಎಲ್ಲಾ ಒಲೆ ಒಟ್ಟಿಗೆ ಉರಿಯುವಾಗ ಗಿರಾಕಿ ಕೂರುವ ಮೊದಲ ಟೇಬಲಿಗೆ ಹೊಗೆ ಬರಬಾರದು ಅಂತ ಬರೆಯಿರಿ. ಭಾನುವಾರ ಬೆಳಗ್ಗೆ ನಿಂತು ಪರೀಕ್ಷಿಸಿ.

4. ಯಾವುದು ಮೊದಲು, ಯಾವುದು ಈ ಸಲ ಇಲ್ಲವೇ ಇಲ್ಲ

ಇದಕ್ಕೆ ಮಾಸ್ಕೋ (MoSCoW: Must, Should, Could, Won't) ಅಂತ ಒಂದು ವಿಧಾನ ಇದೆ. ಡಾಯ್ ಕ್ಲೆಗ್ ಅನ್ನುವವರು 1994ರಲ್ಲಿ ರೂಪಿಸಿದ್ದು. ನಾಲ್ಕು ಗುಂಪು ಮಾಡಬೇಕು: ಇರಲೇಬೇಕು, ಇರಬೇಕು, ಇದ್ದರೆ ಒಳ್ಳೆಯದು, ಈ ಸಲ ಇಲ್ಲ. ಎಲ್ಲಾ ಗಿರಾಕಿಗಳೂ ಎಲ್ಲವನ್ನೂ ಮೊದಲ ಗುಂಪಿಗೇ ಹಾಕುತ್ತಾರೆ. ಆಗ ಒಂದೇ ಪ್ರಶ್ನೆ ಕೇಳಿ: "ಮೆಕ್ಕೆಜೋಳ ಬರೋಕೆ ಶುರುವಾದ ದಿನ ಇದು ಇರ್ಲಿಲ್ಲ ಅಂದ್ರೆ ಅಂಗಡಿ ನಡೆಸೋಕೆ ಆಗಲ್ವಾ?" ಪಟ್ಟಿ ಪ್ರಿಂಟ್ ಆಗದಿದ್ದರೆ ನಡೆಯುವುದಿಲ್ಲ. ಬಣ್ಣದ ಗ್ರಾಫ್ ಇಲ್ಲದಿದ್ದರೆ ನಡೆಯುತ್ತದೆ. ಈ ವಿಧಾನ ಬಳಸುವ ಡಿಎಸ್‌ಡಿಎಂ ಅನ್ನುವ ಪ್ರಾಜೆಕ್ಟ್ ನಡೆಸುವ ಪದ್ಧತಿಯಲ್ಲಿ "ಇರಲೇಬೇಕು" ಗುಂಪಿನ ಕೆಲಸ ಒಟ್ಟು ಶ್ರಮದ ಶೇ 60 ಮೀರಬಾರದು ಅಂತ ಸಲಹೆ ಇದೆ. ಮೀರಿದರೆ, ಅನಿರೀಕ್ಷಿತವಾಗಿ ಏನಾದರೂ ಬಂದಾಗ ಬಿಡಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ನನ್ನ ಮಟ್ಟಿಗೆ ನಾಲ್ಕನೇ ಗುಂಪೇ ಎಲ್ಲಕ್ಕಿಂತ ಮುಖ್ಯ. "ಲಾರಿ ಬಾಡಿಗೆ ಲೆಕ್ಕ, ಈ ಸಲ ಇಲ್ಲ" ಅಂತ ಬರೆದಿಟ್ಟರೆ ಮುಂದೆ ಅದು ಬಂದಾಗ ಹೊಸ ಕೆಲಸ ಅಂತ ಇಬ್ಬರಿಗೂ ಗೊತ್ತಿರುತ್ತದೆ. ಬರೆಯದೆ ಬಿಟ್ಟದ್ದು "ಅದೂ ಸೇರಿದೆ ಅಲ್ವಾ" ಆಗುತ್ತದೆ.

ಬೇಡಿಕೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದೂ ಇಲ್ಲೇ ಕಾಣುತ್ತದೆ. ಒಮ್ಮೆ ಪ್ರಿಂಟ್ ಆದ ಪಟ್ಟಿಯನ್ನು ಯಾರೂ ತಿದ್ದಬಾರದು ಅಂತ ಸಾಹುಕಾರರು. ತೂಕ ತಪ್ಪಾದರೆ ತಿದ್ದಲೇಬೇಕು ಅಂತ ಗುಮಾಸ್ತ. ಇಬ್ಬರೂ ಸರಿ. ಒಬ್ಬರ ಪರ ವಹಿಸುವ ಬದಲು ಎರಡರ ಹಿಂದಿನ ಕಾರಣ ನೋಡಿ. ಹಳೆ ಪಟ್ಟಿ ರದ್ದು ಅಂತ ಉಳಿಯುತ್ತದೆ, ಹೊಸ ನಂಬರಿನಲ್ಲಿ ಹೊಸ ಪಟ್ಟಿ ಬರುತ್ತದೆ, ಯಾರು ಯಾವಾಗ ಯಾಕೆ ರದ್ದು ಮಾಡಿದರು ಅನ್ನುವುದು ದಾಖಲಾಗುತ್ತದೆ. ಹೀಗೆ ಬರೆದು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಓದಿ.

ಕಾನೂನನ್ನೂ ಒಬ್ಬ ಗಿರಾಕಿ ಅಂತಲೇ ಲೆಕ್ಕ ಹಿಡಿಯಿರಿ. ಕರ್ನಾಟಕದ ಎಪಿಎಂಸಿ ವ್ಯವಸ್ಥೆಯಲ್ಲಿ ದಲಾಲಿಯನ್ನು ಖರೀದಿದಾರರಿಂದ ಪಡೆಯಬೇಕು, ರೈತರಿಂದ ಹಿಡಿಯುವಂತಿಲ್ಲ. ರೈತರ ಪಟ್ಟಿಯಲ್ಲೇ ಕಡಿತ ತೋರಿಸಿ ಅಂತ ಯಾರಾದರೂ ಕೇಳಿದರೆ ಅದು ಬೇಡಿಕೆಗಳ ಪಟ್ಟಿಗೆ ಸೇರುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ.

5. ಓದಿ ಹೇಳಿ ಒಪ್ಪಿಸಿ, ಆಮೇಲೆ ದರ

ಬರೆದ ಹಾಳೆಗಳನ್ನು ಕಳಿಸಿ ಸುಮ್ಮನಾಗಬೇಡಿ. ಎದುರು ಕೂತು ಜೋರಾಗಿ ಓದಿ. ಕೇಳುತ್ತಾ ಕೇಳುತ್ತಾ ಸಾಹುಕಾರರು "ಅದಲ್ಲ, ಅದಲ್ಲ" ಅನ್ನುವ ಜಾಗ ಬಂದೇ ಬರುತ್ತದೆ. ಅದು ಈಗ ಬಂದರೆ ಪೆನ್ನಲ್ಲಿ ತಿದ್ದಬಹುದು, ಕೋಡ್ ಬರೆದ ಮೇಲೆ ಬಂದರೆ ವಾರ ಹೋಗುತ್ತದೆ. ಪಟ್ಟಿಯ ಒಂದು ಮಾದರಿಯನ್ನು ನಿಜವಾದ ಅಳತೆಯ ಕಾಗದದಲ್ಲಿ ಪ್ರಿಂಟ್ ಮಾಡಿ ಕೈಗೆ ಕೊಡಿ. ಸ್ಕ್ರೀನ್ ಮೇಲೆ ತೋರಿಸಿದಾಗ ಎಲ್ಲರೂ ತಲೆಯಾಡಿಸುತ್ತಾರೆ. ಕಾಗದ ಕೈಗೆ ಬಂದಾಗ ಮಾತ್ರ "ರೈತರ ಊರು ಎಲ್ಲೈತಿ?" ಅನ್ನುತ್ತಾರೆ.

ಇಷ್ಟಾಗದೆ ಒಟ್ಟು ದರ ಹೇಳಬೇಡಿ. ಒತ್ತಾಯ ಮಾಡಿದರೆ ಬೇಡಿಕೆ ಬರೆಯುವ ಕೆಲಸಕ್ಕಷ್ಟೇ ಒಂದು ಸಣ್ಣ ಮೊತ್ತ ಹೇಳಿ, ಮುಂದೆ ಕೆಲಸ ಕೊಟ್ಟರೆ ಅದನ್ನು ಒಟ್ಟು ಬಿಲ್ಲಿನಲ್ಲಿ ಕಳೆಯುತ್ತೇವೆ ಅನ್ನಿ.

ನಡುವೆ ಫೋನ್‌ನಲ್ಲಿ ಆದ ಮಾತುಗಳನ್ನು ಅದೇ ದಿನ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ. ಹೀಗೆ:

"ಸಾಹುಕಾರ್ರೇ ನಮಸ್ಕಾರ. ಇವತ್ತು ಮಾತಾಡಿದ್ದು: ಪಟ್ಟಿಯಲ್ಲಿ ರೈತರ ಊರಿನ ಹೆಸರು ದಪ್ಪ ಅಕ್ಷರದಲ್ಲಿ ಬರುತ್ತೆ. ಹಳೆ ಬಾಕಿ ಪಟ್ಟಿಯಲ್ಲಿ ಬರಲ್ಲ, ಖಾತೆಯಲ್ಲಿ ಮಾತ್ರ. ಹಮಾಲಿ ದರದ ವಿಚಾರ ಇನ್ನೂ ತೀರ್ಮಾನ ಆಗಿಲ್ಲ, ನೀವು ತಿಳಿಸಬೇಕು. ಇದರಲ್ಲಿ ತಪ್ಪಿದ್ದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ."

ತೀರ್ಮಾನ ಆಗದ ವಿಷಯವನ್ನೂ ಬರೆಯುವುದು ಮುಖ್ಯ. ಚೆಂಡು ಯಾರ ಅಂಗಳದಲ್ಲಿದೆ ಅಂತ ಆಗ ಗೊತ್ತಿರುತ್ತದೆ.

6. ಬದಲಾವಣೆ ಬಂದಾಗ

ಬರುತ್ತದೆ. ಬರಬಾರದು ಅಂತ ಆಸೆಪಡಬೇಡಿ. ಕೆಲವು ಬದಲಾವಣೆ ಗಿರಾಕಿಯ ಕೈಯಲ್ಲೂ ಇರುವುದಿಲ್ಲ. ಜಿಎಸ್‌ಟಿ ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ ವರ್ಷಕ್ಕೆ 500 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟು ಇದ್ದವರಿಗೆ ಮಾತ್ರ ಕಡ್ಡಾಯವಿತ್ತು. ಆ ಮಿತಿ ಇಳಿಯುತ್ತಾ ಇಳಿಯುತ್ತಾ 2023ರ ಆಗಸ್ಟ್ ಹೊತ್ತಿಗೆ 5 ಕೋಟಿಗೆ ಬಂತು. ತೆರಿಗೆ ದರ, ಮಿತಿ, ಸೆಸ್ ಇಂಥವನ್ನು ಗಿರಾಕಿಯೇ ಬದಲಿಸಿಕೊಳ್ಳುವ ಹಾಗೆ ಮೊದಲೇ ಜಾಗ ಬಿಡಿ. ಕಾನೂನು ಬದಲಾದರೆ ಖರ್ಚು ಯಾರದ್ದು ಅಂತ ಒಪ್ಪಂದದಲ್ಲಿ ಒಂದು ಸಾಲು ಇರಲಿ.

ಉಳಿದದ್ದು ಎಲ್ಲರಿಗೂ ಗೊತ್ತಿರುವ ಮಾತುಕತೆ:

"ಲಾರಿ ಬಾಡಿಗೆ ಲೆಕ್ಕಾನೂ ಇದ್ರಾಗೇ ಬರ್ಲಿ. ಅದೇನ್ ಮಹಾ!"
"ಬರ್ಲಿ ಸಾಹುಕಾರ್ರೇ. ಎಷ್ಟು ದಿನ, ಎಷ್ಟು ರೊಕ್ಕ ಅಂತ ನಾಳೆ ಸಂಜೆ ಬರೆದು ಕಳಿಸ್ತೀನಿ. ನೀವು ಹೂಂ ಅಂದ್ರೆ ಶುರು."

ಇಲ್ಲ ಅನ್ನಬೇಡಿ, ಅಲ್ಲೇ ಹೂಂ ಅಂತಲೂ ಅನ್ನಬೇಡಿ. ಒಂದು ಚೀಟಿ ಮಾಡಿ: ಏನು ಬದಲಾವಣೆ, ಯಾರು ಯಾವಾಗ ಕೇಳಿದರು, ಯಾವ್ಯಾವ ಹಳೆ ಬೇಡಿಕೆಗೆ ತಾಗುತ್ತದೆ, ಎಷ್ಟು ದಿನ, ಎಷ್ಟು ಹಣ. ಗಿರಾಕಿಗೆ ಮೂರು ದಾರಿ ಕೊಡಿ. ಹೆಚ್ಚು ಹಣ ಕೊಟ್ಟು ಈಗಲೇ ಮಾಡಿಸಬಹುದು. ಮುಗಿಸುವ ದಿನ ಮುಂದೆ ಹಾಕಬಹುದು. ಇಲ್ಲವೇ "ಇದ್ದರೆ ಒಳ್ಳೆಯದು" ಗುಂಪಿನ ಅಷ್ಟೇ ಗಾತ್ರದ ಒಂದು ಕೆಲಸ ತೆಗೆದು ಇದನ್ನು ಹಾಕಬಹುದು. ಮೂರನೆಯದನ್ನು ಜನ ಮರೆಯುತ್ತಾರೆ. ನಮ್ಮಂಥ ಊರಲ್ಲಿ ಜಾಸ್ತಿ ಕೆಲಸಕ್ಕೆ ಬರುವುದು ಅದೇ, ಯಾಕೆಂದರೆ ಯಾರ ಮುಖವೂ ಕೆಡುವುದಿಲ್ಲ.

ಅಕ್ಷರ ದಪ್ಪ ಮಾಡುವುದು, ಹೆಸರು ಬದಲಿಸುವುದು ಇಂಥ ಚಿಲ್ಲರೆ ಕೆಲಸಕ್ಕೆ ದುಡ್ಡು ಕೇಳಿ ಸಂಬಂಧ ಕೆಡಿಸಿಕೊಳ್ಳುವುದು ಬೇಡ. ಆದರೆ ಅದನ್ನೂ ಬರೆದಿಡಿ. ಬಿಲ್ಲಿನಲ್ಲಿ ಆ ಸಾಲು ಬರಲಿ, ಬೆಲೆ ಬರಲಿ, ಪಕ್ಕದಲ್ಲಿ "ಉಚಿತ" ಅಂತ ಇರಲಿ. ಬರೆದಿಡದೇ ಮಾಡಿಕೊಟ್ಟ ಉಪಕಾರ ಯಾರ ಲೆಕ್ಕಕ್ಕೂ ಬರುವುದಿಲ್ಲ.

7. ಒಂದೇ ಶೀಟ್

ಎಕ್ಸೆಲ್ ಸಾಕು. ಬೇಡಿಕೆ ನಂಬರ್, ಯಾರು ಮಾಡುತ್ತಿದ್ದಾರೆ, ಪರೀಕ್ಷೆ ಆಯಿತಾ, ಬಿಲ್ಲಿನ ಯಾವ ಸಾಲು. ನಂಬರ್ ಇಲ್ಲದ ಕೆಲಸವನ್ನು ತಂಡದ ಹುಡುಗರು ಮುಟ್ಟಬಾರದು. ಹೊಸ ಹುಡುಗರು ಗುಮಾಸ್ತನ ಜೊತೆ ಸ್ನೇಹ ಬೆಳೆಸಿ ಬಾಯಿಮಾತಿಗೆ ಏನೇನೋ ಸೇರಿಸಿಬಿಡುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಕೊನೆಗೆ ಅದರ ತಪ್ಪು ಹುಡುಕುವವರು ನೀವು.

8. ಒಪ್ಪಿಸುವ ದಿನ

ಸುಗ್ಗಿಯ ನಡುವೆ ಹೊಸ ವ್ಯವಸ್ಥೆ ಶುರು ಮಾಡಬೇಡಿ. ಆವಕ ಕಡಿಮೆ ಇರುವಾಗ ಹಾಕಿ. ಕೆಲವು ದಿನ ಪುಸ್ತಕ ಮತ್ತು ಕಂಪ್ಯೂಟರ್ ಎರಡರಲ್ಲೂ ಬರೆಸಿ, ದಿನಾ ಸಂಜೆ ತಾಳೆ ನೋಡಿ. ಗುಮಾಸ್ತನಿಗೆ ಇದು ಡಬಲ್ ಕೆಲಸ, ಆದ್ದರಿಂದ ಎಷ್ಟು ದಿನ ಅಂತ ಸಾಹುಕಾರರ ಎದುರೇ ಗೊತ್ತು ಮಾಡಿಕೊಳ್ಳಿ.

ಆಮೇಲೆ ಮೊದಲ ಬೇಡಿಕೆಯಿಂದ ಕೊನೆಯದರವರೆಗೆ ಒಂದೊಂದಾಗಿ, ಬರೆದಿರುವ ಪರೀಕ್ಷೆಯನ್ನೇ ಅವರ ಎದುರು ಮಾಡಿ ತೋರಿಸಿ ಟಿಕ್ ಹಾಕಿಸಿ. ಏಳನೆಯದಕ್ಕೆ ಗುಮಾಸ್ತನನ್ನೇ ಕೂರಿಸಿ ಗಡಿಯಾರ ಹಿಡಿಯಿರಿ. ಪೂರ್ತಿ ಆಗದ್ದು ಇದ್ದರೆ ಯಾವ ದಿನಾಂಕದೊಳಗೆ ಅಂತ ಬರೆಯಿರಿ. ಎಲ್ಲಕ್ಕೂ ಟಿಕ್ ಬಿದ್ದ ಹಾಳೆಯ ಮೇಲೆ ತೀರ್ಮಾನದ ಅಧಿಕಾರ ಇರುವವರ ಸಹಿ, ಅದೇ ದಿನ ಕೊನೆಯ ಕಂತಿನ ಬಿಲ್. ನಾಲ್ಕನೇ ಗುಂಪಿನ ಹಾಳೆಯ ಒಂದು ಪ್ರತಿಯನ್ನೂ ಆ ಬಿಲ್ಲಿನ ಜೊತೆಗೇ ಕೊಟ್ಟು ಬನ್ನಿ. ಲಾರಿ ಬಾಡಿಗೆ ಲೆಕ್ಕ, ಮೊಬೈಲ್ ಆ್ಯಪ್ ಇನ್ನೂ ಅದರಲ್ಲಿದ್ದರೆ, ಮುಂದಿನ ಕೊಟೇಶನ್ ಕೇಳಲು ಸಾಹುಕಾರರೇ ಫೋನ್ ಹಚ್ಚುತ್ತಾರೆ.